ಜ್ಞಾನದಾದಾನ ಜೀಪು

೧೧ ಫೆಬ್ರುವರಿ, ಮಂಗಳವಾರ

ಜೀಪು ರಿಪೇರಿ ಆಯಿತು. ಆಗಬಾರದಿತ್ತೇನೋ ಅನ್ನಿಸುತ್ತಿದೆ.

ಅಣ್ಣ ಜ್ಞಾನದಾದಾ ತೀರಿಕೊಂಡ ಮೇಲೆ ಅದನ್ನು ನಾನೇ ಓಡಿಸುತ್ತಿದ್ದೇನೆ. ಇಂಜಿನ್ನಿನ ಹೆಡ್ ಸೀಳಿ, ಅಂಕಲಿ ಊರು ಮುಟ್ಟುವುದರೊಳಗೆ ರೇಡಿಯೇಟರಿನ ನೀರೆಲ್ಲ ಖಾಲಿಯಾಗುತ್ತಿತ್ತು. ಕುಡಚಿಯ ಬಾಬುಸಾಬ ಮಿಸ್ತ್ರಿ ಬಿಚ್ಚಿ ನೋಡಿ ನಕ್ಕರು.

"ಹೆಡ್‌ಕಿಂತ ವೆಲ್ಡಿಂಗೇ ಜಾಸ್ತಿ ಐತಲೇ ಇದರಾಗ! ಎಲ್ಲಾ ನಿಮ್ಮಣ್ಣ ಹಚ್ಚಿಸಿದ್ದು. ಇನ್ನೊಮ್ಮಿ ಹಚ್ಚಿದ್ರ ಒಂದ್ ವರ್ಷ ನಡದೀತು. ಇಲ್ಲಾಂದ್ರ ಬ್ಯಾರೆ ಹೆಡ್ ಕೂಡಸೂಣು. ಏನ್ ಮಾಡ್ಲಿ?"

ಬೇರೆಯದನ್ನೇ ಕೂಡಿಸಿ ಅಂದೆ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ಈಗ ಇಂಜಿನ್ನು ಮೆತ್ತಗೆ ಓಡುತ್ತದೆ. ಮೊದಲು ಅದರ ಫಟ್ ಫಟ್ ಸದ್ದು ಊರ ತಿರುವಿನಿಂದಲೇ ಕೇಳುತ್ತಿತ್ತು. ಕಣ್ಣು ಕಾಣದ ಅವ್ವ ಆ ಸದ್ದಿಗೆ ಎದ್ದು ಬಾಗಿಲಿಗೆ ಬರುತ್ತಿದ್ದಳು. "ಬಂತು ನೋಡ ನಮ್ಮ ಜ್ಞಾನೂನ ಗಾಡಿ" ಅನ್ನುತ್ತಿದ್ದಳು. ದಾದಾ ಇಲ್ಲವೆಂದು ಅವಳಿಗೆ ಗೊತ್ತು. ಆದರೂ ಅನ್ನುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ.

ಇವತ್ತು ಅಂಗಳದಲ್ಲಿ ನಿಲ್ಲಿಸಿ ಇಳಿದು ಬಂದರೂ ಅವ್ವ ಏಳಲಿಲ್ಲ. ಒಳಗಿನಿಂದಲೇ, "ಯಾರ್ರಿ? ಯಾರ ಬೇಕಾಗಿತ್ರಿ?" ಅಂದಳು.

"ನಾ ಅವ್ವಾ, ಲಖನ."

"ನೀ ಏನ? ಮತ್ತ ಗಾಡಿ ಎಲ್ಲಿ? ಮಾರಿ ಬಂದ್ಯೇನ್ಲೇ?"

ಕೈ ಹಿಡಿದು ಕರೆತಂದು ಬಾನೆಟ್ ಮುಟ್ಟಿಸಿದೆ. ಇನ್ನೂ ಬಿಸಿ ಇತ್ತು. ಹೆಡ್ ಬದಲಿಸಿದ್ದನ್ನು ಹೇಳಿದೆ. ಅವ್ವ ಬಹಳ ಹೊತ್ತು ಅಂಗೈ ತೆಗೆಯಲಿಲ್ಲ.

"ಚಲೋ ಆತ ಬಿಡಪಾ" ಅಂದಳು ಕಡೆಗೆ. "ಇನ್ನ ಇದು ನಿನ್ನ ಗಾಡಿ."

ನನಗೆ ಅದು ಬೇಕಾಗಿರಲಿಲ್ಲ. ಅವಳಿಗೆ ಹೇಗೆ ಹೇಳಲಿ, ನಾನು ಬರೀ ದಾದಾನ ಗಾಡಿ ನಿಲ್ಲದಿರಲಿ ಅಂದುಕೊಂಡಿದ್ದೆ ಅಂತ.