ನಿಧಾನಕ್ಕೆ ತಿರುಗಿದ ಹಾಡು

ವಾರಿಜಾ,

ನಿನ್ನ ಅಕ್ಕ ಲಂಡನ್ನಿನಿಂದ ಕಳಿಸುತ್ತಿದ್ದ ಇಂಡಿ ಪಾಪ್ ಸಿಂಗಲ್ಸ್, ಆ ಸಣ್ಣ ಗ್ರಾಮಫೋನ್ ರೆಕಾರ್ಡುಗಳನ್ನು ನೋಡಲು ಇಂದು ಕೊಡಿಯಾಲ್‌ಬೈಲಿನಿಂದ ಹಳೇ ರೆಕಾರ್ಡು ಕೊಳ್ಳುವ ಅರಾಫತ್ ಎಂಬವನು ಬಂದಿದ್ದ. ಸಸ್ಪೀಶಿಯಸ್ ಕ್ಯಾರೆಕ್ಟರ್. ಅವನ ಚೀಲದ ಮೇಲೆ ಕಣ್ಣಿಟ್ಟೇ ಕುಳಿತಿದ್ದೆ.

"ಈ ಹಾಡು ಫೋನಿನಲ್ಲಿ ಸಿಗೂದಿಲ್ವಾ?" ಎಂದೆ.

"ಸಿಗ್ತದೆ ಸರ್. ಕೈಯಲ್ಲಿ ಹಿಡಿಯಲಿಕ್ಕೆ ಸಿಗೂದಿಲ್ಲ."

ನಿಜ ಹೇಳಬೇಕೆಂದರೆ, ನೀನು ತೀರಿಹೋದ ಮೇಲೆ ನಿನ್ನ ಮೇಲೂ ನನಗೆ ಅನುಮಾನ. ನನಗೆ ಗಲಾಟೆ ಆಗಬಾರದೆಂದು ನೀನು ಹೆಡ್‌ಫೋನ್ ಹಾಕಿಯೇ ಕೇಳುತ್ತಿದ್ದೆ. ಈಗ ನಾನೇ ಹಾಕಿ ಕೇಳಿದರೆ, ಯಾರೋ ಗಂಡಸು ಗೋಳಾಡುತ್ತಾನೆ. ನನ್ನೊಟ್ಟಿಗೆ ನಿನಗೆ ಅಷ್ಟು ದುಃಖವಿತ್ತೇ, ಅಥವಾ ಬೇರೆ ಯಾರನ್ನೋ ನೆನೆಯುತ್ತಿದ್ದೆಯೇ?

ಅದನ್ನೇ ಹಾಕಿ ತೋರಿಸಿದೆ. ಅರಾಫತ್ ನಕ್ಕುಬಿಟ್ಟ.

"ಎಂತ ಸರ್, ಇದು ಸಣ್ಣ ರೆಕಾರ್ಡಲ್ವಾ? ದೊಡ್ಡದರ ನಿಧಾನದ ಸ್ಪೀಡಲ್ಲಿ ಇಟ್ಟಿದ್ದೀರಿ. ಪಾಪದ ಹುಡುಗಿಯನ್ನು ಅಜ್ಜ ಮಾಡಿದ್ರಲ್ಲ ಮಾರಾಯ್ರೆ."

ನನ್ನ ಭಜನೆಯ ದೊಡ್ಡ ರೆಕಾರ್ಡಿಗೆಂದು ನಾನು ತಿರುಗಿಸಿಟ್ಟಿದ್ದ ಗುಂಡಿಯನ್ನು ಅವನು ಸರಿಮಾಡಿದ. ಗಂಡಸು ಮಾಯವಾಗಿ ಒಬ್ಬಳು ಹುಡುಗಿ ಹಾಡಿದಳು. ಕುಣಿಯುವಂಥ ಹಾಡು.

"ಮಾರ್ತೀರಾ?" ಎಂದ. ಇಲ್ಲ ಎಂದೆ.

ಅವನು ಹೋದ ಮೇಲೆ ಎಲ್ಲವನ್ನೂ ಕೇಳಿದೆ. ಹೆಚ್ಚಿನವು ಅಂಥವೇ. ಅಂದರೆ ಅಷ್ಟು ವರ್ಷ ಸಂಜೆಯೆಲ್ಲ, ನಾನು ಇಲ್ಲಿ ಪೇಪರ್ ಓದುತ್ತಿದ್ದಾಗ, ನೀನು ಪಕ್ಕದ ಕೋಣೆಯಲ್ಲಿ ಸಂತೋಷವಾಗಿಯೇ ಇದ್ದೆ.