ಲ್ಯಾಬಿನಲ್ಲಿ ಕಾವಿಗೆ ಕೂತ ಕೋಳಿ

೪ ಫೆಬ್ರವರಿ ೧೯೮೬, ಬೆಳಿಗ್ಗೆ
ಮತ್ತೆ ಕರೆಂಟ್ ಇಲ್ಲ. ಇನ್‌ಕ್ಯುಬೇಟರ್ ತಣ್ಣಗಾಗಿದೆ, ಮೊಟ್ಟೆಗಳೆಲ್ಲ ಹಾಳು. ಇದು ಮೂರನೇ ಸಲ! ಮೊಟ್ಟೆಯೊಳಗೆ ಮರಿಯ ಮೆದುಳು ಹೇಗೆ ಶುರುವಾಗುತ್ತದೆ, ಇನ್ನೂ ಏನೂ ಆಗದ ಕೋಶ ನರವಾಗಲು ಯಾವಾಗ ಹೊರಡುತ್ತದೆ — ನನ್ನ ಎಂ.ಫಿಲ್ ಅದೇ. ಮಾರ್ಚ್‌ನಲ್ಲಿ ಒಪ್ಪಿಸದಿದ್ದರೆ ಸೀಟೇ ಹೋಯಿತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಚಿಮಣಿ ಹೊಗೆ ಬಿಡುತ್ತಲೇ ಇದೆ, ನಮಗೆ ಮಾತ್ರ ಕತ್ತಲೆ. ಯಾರನ್ನು ಬೈಯಲಿ?

೯ ಫೆಬ್ರವರಿ
ನಮ್ಮೂರು ಚಂದ್ರಬಂಡದಿಂದ ಅವ್ವ ಬಂದಳು. ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿ. ಅದಕ್ಕೂ ಟಿಕೆಟ್ ಕೇಳಿದನೆಂದು ಕಂಡಕ್ಟರ್ ಜೊತೆ ಜಗಳವಾಡಿಯೇ ಇಳಿದಿದ್ದಾಳೆ. ಲ್ಯಾಬಿನ ಮೂಲೆಯಲ್ಲಿ ಕೂರಿಸಿ, ಅಡಿಯಲ್ಲಿ ಹೊಸ ಮೊಟ್ಟೆ ಇಟ್ಟೆವು. ಗೈಡ್ ಸರ್ ನನ್ನ ಕಡೆ ನೋಡಿ ನಕ್ಕರು.
"ಏನ್ ಹುಲಗೆಮ್ಮ, ಡಿಪಾರ್ಟ್‌ಮೆಂಟ್ನ ಕೋಳಿಗೂಡು ಮಾಡಾಕತ್ತೀ ಏನು?"
ಅವ್ವ ಬಿಡಲಿಲ್ಲ. "ಕರೆಂಟು ಕೈ ಕೊಡ್ತದ್ರೀ ಸಾಹೇಬ್ರ, ಇದು ಕೊಡಂಗಿಲ್ಲ."

೨೦ ಫೆಬ್ರವರಿ
ಬಂತು! ಮುಂದೆ ಮೆದುಳಾಗುವ ನರದ ಕೊಳವೆ ಮುಚ್ಚಿಕೊಳ್ಳುವ ಹಂತ, ಸ್ಲೈಡ್‌ನಲ್ಲಿ ಸ್ಪಷ್ಟ. ಸರ್ ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ. "ನಮ್ಮ ಸ್ಲೈಡ್ಸ್" ಅಂದರು. ನಮ್ಮವಂತೆ... ಇರಲಿ, ಖುಷಿಯಾಯಿತು.

೧೭ ಮಾರ್ಚ್
ಥೀಸಿಸ್ ಟೈಪ್ ಆಗಿ ಬಂತು. ನಾನು ಕೋಳಿ ಎಂದು ಬರೆದಲ್ಲೆಲ್ಲ ಇನ್‌ಕ್ಯುಬೇಟರ್! ಸರ್ ತಿದ್ದಿದ್ದಾರೆ. ಆ ದರಿದ್ರ ಡಬ್ಬಿ ತಿಂಗಳಿಂದ ತಣ್ಣಗೆ ಬಿದ್ದಿದೆ. ಸುಳ್ಳಲ್ಲವೇ ಸರ್, ಅಂದೆ.
"ಹೋಗ್ಲಿ, ಕೋಳಿ ಅಂತನ ಬರಿ. ಆದ್ರ ಫಾರ್ಮಿನ ಕೋಳಿ ಅಂತ ಬರಿ. ನಿಮ್ಮ ಕೇರಿ ಕೋಳಿ ಅಂದ್ರ ಎಕ್ಸ್‌ಟರ್ನಲ್ ಎಕ್ಸಾಮಿನರ್ ಥೀಸಿಸ್ ಮುಟ್ಟಂಗಿಲ್ಲ."
ಮೈಯೆಲ್ಲ ಉರಿದುಹೋಯಿತು. ಕೋಳಿಗೂ ಜಾತಿ! ಯಾರ ಮನೆಯ ಕಾವು ಎಂದು ಮೊಟ್ಟೆ ಕೇಳಲಿಲ್ಲ, ಡಾಕ್ಟರೇಟ್ ಮಾಡಿದವರು ಕೇಳುತ್ತಾರೆ. ಇಂಥವರಿಂದ ನಾನು ಜೀವಶಾಸ್ತ್ರ ಕಲಿಯಬೇಕು. ಥೂ.
"ಸಹಿ ಬೇಕಂದ್ರ ತಿದ್ದು" ಎಂದು ಎದ್ದು ಹೋದರು.

೧೯ ಮಾರ್ಚ್
ತಿದ್ದಿದೆ. ಫಾರ್ಮ್ ಎಂದೇ ಬರೆದೆ. ಸಹಿ ಸಿಕ್ಕಿತು. ಊಟ ಸೇರಲಿಲ್ಲ.

೨೨ ಏಪ್ರಿಲ್, ವೈವಾ, ಮಧ್ಯಾಹ್ನ
ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಎಕ್ಸ್‌ಟರ್ನಲ್ ಸ್ಲೈಡ್ ನೋಡಿ ಹಿಗ್ಗಿ, ಯಾವ ಕೋಳಿ ಎಂದು ಕೇಳಿದರು. ಸರ್ ಬಾಯಿ ಹಾಕಿದರು — "ಫಾರ್ಮಿಂದು ಸರ್, ನಾನೇ ನೋಡಿ ಆರಿಸಿ ತಂದದ್ದು."
ನಾನೇ ತಂದದ್ದು! ತಡೆಯಲಾಗಲಿಲ್ಲ.
"ಸುಳ್ಳ್ ಐತ್ರೀ. ಅದು ನಮ್ಮವ್ವನ ಕೋಳಿ, ಚಂದ್ರಬಂಡದ್ದು, ನಮ್ಮ ಕೇರೀದು. ಥೀಸಿಸ್ನ್ಯಾಗ ಬರ್ದದ್ದೂ ಸುಳ್ಳು, ಬರ್ದಾಕಿ ನಾನ."
ಎಕ್ಸ್‌ಟರ್ನಲ್ ಪೆನ್ನು ಕೆಳಗಿಟ್ಟು, ಹೊರಗೆ ಕೂರು ಎಂದರು. ಒಳಗೆ ಸರ್ ಕೂಗಾಡುತ್ತಿದ್ದರು. ಈಗ ಎಕ್ಸ್‌ಟರ್ನಲ್ ದನಿ ಮಾತ್ರ ಕೇಳುತ್ತಿದೆ. ಡಿಗ್ರಿ ಹೋದರೆ ಹೋಗಲಿ.
ಬಾಗಿಲು ತೆರೆಯಿತು. ಸರ್ ಬಂದಿದ್ದಾರೆ. ಕೈಯಲ್ಲಿ ಥೀಸಿಸ್, ಫಾರ್ಮ್ ಎಂಬ ಪದದ ಮೇಲೆ ಎಕ್ಸ್‌ಟರ್ನಲ್ ಪೆನ್ನಿನ ಅಡ್ಡಗೆರೆ. ಮುಖ ಗೋಡೆಯ ಕಡೆ.
"ನಿಮ್ಮವ್ವನ ಹೆಸರೇನು?"
ಈಗ ಕೇಳುತ್ತಾರೆ! ಯಮನಮ್ಮ. ಒಂದೊಂದೇ ಅಕ್ಷರ ಹೇಳುತ್ತೇನೆ. ಬರೆಯಲಿ, ಆ ಅಡ್ಡಗೆರೆಯ ಮೇಲೆ, ಅವರದೇ ಕೈಯಿಂದ—