ದೇವರ ಮುಂದಿನ ಬಾಟ್ಲಿ

ರೀ,

ಅಂಬಾನ್ನ ಕರಕೊಂಡು ಟಾಂಗಾದಾಗ ದವಾಖಾನಿಗೆ ಹೋಗೀನಿ. ಎಂಟು ವರ್ಷದ ಹುಡುಗಿ, ಎತ್ತಿಕೊಂಡ್ರ ಕೂಸಿನಷ್ಟ ಹಗುರಾಗ್ಯಾಳ.

ಪಾಳಿ ಮುಗಿಸಿ ಬಂದವರು ಮೊದಲ ಊಟಾ ಮಾಡ್ರಿ. ಭಕ್ರಿ ಬುಟ್ಟ್ಯಾಗ ಅವ. ನಮ್ಮ ಹಿಂದ ಓಡಿ ಬರಬ್ಯಾಡ್ರಿ. "ಮನ್ಯಾಗ ಸಿಹಿ ತಿನಸ್ತೀರಿ, ಅದಕ್ಕ ಸಕ್ಕರಿ ಇಳೀವಲ್ದು" ಅಂತ ನಿನ್ನೆ ಡಾಕ್ಟರು ಬೈದಾಗ ನೀವು ಕೈ ಮುಗದು ನಿಂತ್ರಿ. ಇವತ್ತ ನಾ ಮಾತಾಡತೀನಿ.

ಆಕಿ ಏನೂ ಸಿಹಿ ತಿಂದಿಲ್ಲ. ಔಷಧನ ಬಿಸಿಗೆ ಕೆಟ್ಟದ. ನಾ ಇನ್ಸುಲಿನ್ ಬಾಟ್ಲಿ ತಂಪಿರಲಿ ಅಂತ ಹಸಿ ಉಸುಕಿನ ಗಡಗ್ಯಾಗ ಇಡತಿದ್ದೆ. ಅತ್ತಿ ದಿನಾ ರಾತ್ರಿ ಅದನ್ನ ತಗದು ದೇವರ ಮುಂದ, ನಂದಾದೀಪದ ಮಗ್ಗಲಕ್ಕ ಇಟ್ಟು, ನಸುಕಿನ್ಯಾಗ ತಿರುಗಿ ಗಡಗ್ಯಾಗ ಇಡತಿದ್ರು. ಇವತ್ತ ಖಂಡೋಬಾನ ದರ್ಶನಕ್ಕ ಜೇಜುರಿಗೆ ಹೋಗೂ ಅವಸರದಾಗ ತಿರುಗಿ ಇಡೂದು ಮರತಾರ. ದೀಪದ ಮಗ್ಗಲಕ್ಕ ಬಾಟ್ಲಿ ಕಂಡು ನಾ ಮುಟ್ಟಿದ್ರ ಕೈ ಚುರ್ ಅಂತು. ಬಾಟ್ಲಿಗೆ ದಿನಾ ಕುಂಕುಮ ಯಾಕ ಹತ್ತಿರತದ ಅನ್ನೂದು ಈಗ ತಿಳೀತು.

ಹೊಸಾ ಬಾಟ್ಲಿ ಕೇಳಿದಾಗ ಡಾಕ್ಟರು "ಲಡಾಯಿ ನಡದದ, ಹಡಗ ಬರೂ ತನಕ ಔಷಧ ಇಲ್ಲ" ಅಂದ್ರ ಅಲ್ಲೇ ಪಾವಟಿಗಿ ಮ್ಯಾಲೆ ಕೂಡಾಕಿ ನಾ. ದೀಪದ ಮುಂದ ಯಾರು ಇಟ್ರು ಅಂತ ಕೇಳಿದ್ರ "ನಾನ" ಅಂತೀನಿ. ನೀವೂ ನನ್ನ ಹೆಸರ ಹೇಳ್ರಿ.

ಅತ್ತಿ ಸಂಜಿಗೆ ಖಂಡೋಬಾನ ಭಂಡಾರ ತರತಾರ. ಹಣಿಗೆ ಹಚ್ಚಿಸಿಕೊಳ್ರಿ. ಅಂಬಾ ಎಲ್ಲಿ ಅಂದ್ರ "ತೋರಿಸಲಿಕ್ಕೆ ಹೋಗ್ಯಾರ" ಅಷ್ಟ ಅನ್ರಿ.

ಕೆಟ್ಟ ಬಾಟ್ಲಿ ತಿರುಗಿ ಗಡಗ್ಯಾಗ ಇಟ್ಟೀನಿ. ರಾತ್ರಿ ಅವರು ಅದನ್ನ ತಗದು ದೇವರ ಮುಂದ ಇಡಲಿ. ನೀವು ನೋಡಿದ್ರೂ ನೋಡದಂಗ ಇರ್ರಿ.

ಹೊಸಾದು ಸಿಕ್ಕರ ಬ್ಯಾರೆ ಕಡೆ ಮುಚ್ಚಿ ಇಡೂಣು.

ಸಿಗಬೇಕಲ್ಲಾ.